ನಮ್ಮ ಹಿರಿಯರು ನಡೆದ ದಾರಿ

ರೈಲು, ಮೋಟಾರುಗಳು ಬರುವ ಮುನ್ನ ಸಾಮಾನ್ಯ ಜನರು ಊರಿನ ಎಲ್ಲೆಯನ್ನು ದಾಟುತ್ತಿರಲಿಲ್ಲ, ದೂರಪ್ರಯಾಣವೇನಿದ್ದರೂ ಅರಸರಿಗೂ ಯಾತ್ರಿಕರಿಗೂ ಮೀಸಲಾಗಿತ್ತು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಒಕ್ಕಲುತನವನ್ನು ನಂಬಿದ ಎಷ್ಟೋ ಮನೆತನಗಳಿಗೆ ಹೊಲ, ಸಂತೆ, ಜಾತ್ರೆ, ಬೀಗರ ಊರು ಇಷ್ಟೇ ಪ್ರಪಂಚವಾಗಿದ್ದುದುಂಟು. ಆದರೆ ಬರಗಾಲ, ಯುದ್ಧ, ಕಸುಬಿನ ಅಗತ್ಯಗಳು ಒದಗಿದಾಗ ದುಡಿಯುವ ಜನರು ಎಷ್ಟು ದೂರ ನಡೆದರೆಂಬುದಕ್ಕೆ ಶಾಸನಗಳೂ ಭಾಷೆಗಳೂ ಸಾಕ್ಷಿಯಾಗಿವೆ.

ಇಂದಿನ ಮಧ್ಯಪ್ರದೇಶದ ಮಂದಸೋರಿಗೆ ಹಿಂದೆ ದಶಪುರವೆಂಬ ಹೆಸರಿತ್ತು. ಅಲ್ಲಿಯ ಸಂಸ್ಕೃತ ಶಾಸನವೊಂದು ರೇಷ್ಮೆ ನೇಕಾರರ ಶ್ರೇಣಿಯ ವೃತ್ತಾಂತವನ್ನು ತಿಳಿಸುತ್ತದೆ. ಅವರು ದಕ್ಷಿಣ ಗುಜರಾತಿನ ಲಾಟದೇಶವನ್ನು ಬಿಟ್ಟು ಮಕ್ಕಳು, ಬಂಧುಗಳೊಡನೆ ದಶಪುರಕ್ಕೆ ಬಂದು ನೆಲೆಸಿದವರು. ಕ್ರಿ.ಶ. 437ರ ವೇಳೆಗೆ ಅಲ್ಲಿ ಸೂರ್ಯದೇವಾಲಯವನ್ನು ಕಟ್ಟಿಸಿದರು. 473ರ ಸುಮಾರಿಗೆ ಅದನ್ನು ಜೀರ್ಣೋದ್ಧಾರ ಮಾಡಿಸಿದರು. ಅವರಲ್ಲಿ ಕೆಲವರು ನೇಯ್ಗೆಯನ್ನೇ ಮುಂದುವರಿಸಿದರೆ, ಕೆಲವರು ಬಿಲ್ವಿದ್ಯೆಯನ್ನೂ ಮತ್ತೆ ಕೆಲವರು ಜ್ಯೋತಿಷವನ್ನೂ ಕೈಗೊಂಡರು. ಹೊಸ ಊರು ಹೊಸ ಕಸುಬುಗಳಿಗೂ ದಾರಿಮಾಡಿತೆಂಬುದು ಇದರಿಂದ ವ್ಯಕ್ತವಾಗುತ್ತದೆ.

ನಮ್ಮ ನಾಡಿನ ಲಂಬಾಣಿಗರ ಇತಿಹಾಸವೂ ಇಂಥದೇ. ಅವರ ಮಾತು ರಾಜಸ್ಥಾನದ ನುಡಿಗಳಿಗೆ ಹತ್ತಿರವಾದುದು. ಎತ್ತುಗಳ ಮೇಲೆ ಧಾನ್ಯ, ಉಪ್ಪುಗಳನ್ನು ಹೇರಿಕೊಂಡು ದೇಶದೇಶಗಳನ್ನು ಸುತ್ತಿದ ಇವರು ದಖ್ಖನಿಗೆ ಬಂದ ಮೊಗಲರ ದಂಡಿಗೂ ಆಹಾರವನ್ನೊದಗಿಸಿದರು. ಹದಿನೇಳನೆಯ ಶತಮಾನದ ಆಂಗ್ಲ ಪ್ರವಾಸಿ ಪೀಟರ್ ಮಂಡಿಯು ಉತ್ತರ ಭಾರತದಲ್ಲಿ ಸುಮಾರು 14,000 ಎತ್ತುಗಳಿದ್ದ ತಾಂಡಾವೊಂದನ್ನು ಕಂಡು ಬರೆದಿದ್ದಾನೆ. ಹೆಂಡಿರು ಮಕ್ಕಳೆಲ್ಲ ಜೊತೆಗೇ ಇರುತ್ತಿದ್ದರು. ಹೇರೆತ್ತುಗಳ ನಡಿಗೆ ದಿನಕ್ಕೆ ಆರೇಳು ಮೈಲಿಯೆಂದಿಟ್ಟುಕೊಂಡರೂ ನೂರು ದಿನಗಳಲ್ಲಿ ಆರುನೂರು ಮೈಲಿಗಳಾಗುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಬಂದ ಮೇಲೆ ಆ ವ್ಯಾಪಾರವು ಕ್ಷೀಣಿಸಿತು. ತಾಂಡಾಗಳು ಒಂದೆಡೆ ನೆಲೆನಿಂತವು.

ಬಂದವರಂತೆ ಇಲ್ಲಿಂದ ಹೋದವರೂ ಇದ್ದಾರೆ. ತಮಿಳುನಾಡಿನ ಕೊಯಮತ್ತೂರು, ಸೇಲಂ ಕಡೆಯ ಅನೇಕ ದೇವಾಂಗ ನೇಕಾರರ ಮನೆಮಾತು ಇಂದಿಗೂ ಕನ್ನಡ. ಅತ್ತ ಮಧುರೆಯ ಸೌರಾಷ್ಟ್ರ ನೇಕಾರರು ಗುಜರಾತಿ ಭಾಷೆಗೆ ಬಂಧುವಾದ ನುಡಿಯನ್ನಾಡುತ್ತಾರೆ. ಮಗ್ಗದ ಕಸುಬು ಕೈಯಲ್ಲಿದ್ದವನಿಗೆ ನೂಲು ದೊರೆಯುವ, ಬಟ್ಟೆ ಮಾರಾಟವಾಗುವ ಊರೇ ತನ್ನೂರಾಯಿತು. ಮನೆಯೊಳಗಿನ ಮಾತು ಮಾತ್ರ ಹಿರಿಯರು ನಡೆದ ದಾರಿಯನ್ನು ಮರೆಯಲಿಲ್ಲ.

ಇವರಾರೂ ದಿಗ್ವಿಜಯಕ್ಕೆ ಹೊರಟವರಲ್ಲ. ಹೊಟ್ಟೆಪಾಡಿಗಾಗಿ ಮೂಟೆ ಕಟ್ಟಿಕೊಂಡು ನಡೆದವರು. ಇಂದು ನಮ್ಮ ಹಳ್ಳಿಗಳಲ್ಲಿ ಮೂಲನಿವಾಸಿ, ಪರಸ್ಥಳದವನು ಎಂಬ ಭೇದವೆಣಿಸಿ, ಕೂಲಿಗೆ ಬಂದವರನ್ನು ದೂರವಿಡುವ ಪ್ರವೃತ್ತಿ ಅಲ್ಲಲ್ಲಿ ಕಂಡುಬರುತ್ತಿದೆ. ಹಾಗೆ ದೂರವಿಡುವ ಮುನ್ನ ಪ್ರತಿಯೊಬ್ಬರೂ ತಮ್ಮ ಮನೆದೇವರ ಕ್ಷೇತ್ರ ಯಾವುದು, ಮನೆತನದ ಅಡ್ಡಹೆಸರು ಯಾವ ಊರಿನದು ಎಂದು ಹಿರಿಯರನ್ನೊಮ್ಮೆ ಕೇಳಿ ನೋಡಲಿ. ಬಹಳ ಮಂದಿಗೆ ತಮ್ಮ ಮನೆತನವೂ ಹಿಂದೊಮ್ಮೆ ಯಾವುದೋ ಊರಿನ ಅಗಸೆಬಾಗಿಲಲ್ಲಿ ಆಶ್ರಯ ಬೇಡಿ ನಿಂತಿತ್ತೆಂಬುದು ತಿಳಿದುಬಂದೀತು.