ಹುನಗುಂದ ಸೀಮೆಯ ಲೆಕ್ಕಿಗರು ಕಂಪ್ಯೂಟರ್ ಕಲಿತ ಬಗೆ

ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮದ ಸುತ್ತಲಿನ ನಾಡಿನಲ್ಲಿ ಲೆಕ್ಕ ಬರೆಯುವುದು ಹಳೆಯ ಕಸುಬು. ಸಂಗಮದಲ್ಲಿ ಓದಿದ ಬಸವಣ್ಣನವರು ಮಂಗಳವಾಡದಲ್ಲಿ ಕರಣಿಕರಾಗಿ ಕೆಲಸಕ್ಕೆ ಸೇರಿ, ಮುಂದೆ ದೊರೆ ಬಿಜ್ಜಳನ ಭಂಡಾರಿಯಾದರೆಂದು ಪರಂಪರೆ ಹೇಳುತ್ತದೆ. ಆ ಕಾಲದಲ್ಲಿ ಲೆಕ್ಕವನ್ನು ಯಾರು ಯಾರಿಗೆ, ಹೇಗೆ ಕಲಿಸುತ್ತಿದ್ದರು ಎಂಬುದರ ವಿವರ ಉಳಿದಿಲ್ಲ. ನಂತರದ ಕಾಲದ್ದು ಸ್ವಲ್ಪ ಸ್ಪಷ್ಟ. ಊರ ಲೆಕ್ಕ ಕುಲಕರ್ಣಿ ಮನೆತನದ ಸ್ವತ್ತಾಗಿತ್ತು. ಮಗ ಅಪ್ಪನ ಪಕ್ಕದಲ್ಲಿ ಕುಳಿತೇ ಕಲಿಯುತ್ತಿದ್ದ. ಕನ್ನಡ ನಾಡಿನ ಕರಣಿಕರು ಬಳಸುತ್ತಿದ್ದ ಕಡತವೆಂದರೆ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ ಮಡಚಿದ ಕರಿಯ ಪುಸ್ತಕ. ಬಳಪದಲ್ಲಿ ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತು.

ಮನೆಯಲ್ಲೇ ಕಲಿಯುವ ಈ ಪದ್ಧತಿ ಒಂದೇ ಏಟಿಗೆ ಹೋಗಲಿಲ್ಲ. ಮುಂಬಯಿ ಪ್ರಾಂತ್ಯದ ಆಡಳಿತ ಅಳತೆ, ಆಕಾರಗಳ ಜೊತೆಗೆ ಅಚ್ಚಾದ ನಮೂನೆಗಳನ್ನೂ ತಂದಿತು. ಕೂಡಿಸಿ ಬರೆಯುವ ಮೋಡಿ ಲಿಪಿಗೆ ಒಗ್ಗಿದ ಕೈಗಳು ಅಂಕಣ ಬಿಟ್ಟು ಬರೆಯಲು ಕಲಿಯಬೇಕಾಯಿತು. 1950ರಲ್ಲಿ ಕುಲಕರ್ಣಿ ವತನಗಳನ್ನು ಕಾನೂನಿನಿಂದ ರದ್ದುಮಾಡಿದ ಮೇಲೆ ಆ ಜಾಗಕ್ಕೆ ಬಂದ ತಲಾಠಿ ವರ್ಗಾವಣೆಯಾಗುವ ಸರಕಾರಿ ನೌಕರ. ಲೆಕ್ಕದ ವಿದ್ಯೆ ಮನೆಯಿಂದ ಹೊರಬಿದ್ದು ಇಲಾಖೆಯ ತರಬೇತಿಗೂ ಪರೀಕ್ಷೆಗೂ ಸಿಕ್ಕಿದ್ದು ಹೀಗೆ.

ಸರಕಾರಿ ಹಣದ ಲೆಕ್ಕಕ್ಕೆ ಕಂಪ್ಯೂಟರ್ ಬಂದದ್ದು ಖಜಾನೆಯ ಮೂಲಕ. 1997ರ ಆಗಸ್ಟ್ 15ರಂದು, ಈ ಸೀಮೆ ಸೇರಿರುವ ಬಾಗಲಕೋಟೆ ಜಿಲ್ಲೆ ವಿಜಾಪುರದಿಂದ ಬೇರೆಯಾಯಿತು. ಐದು ವರ್ಷ ಕಳೆಯುವಷ್ಟರಲ್ಲಿ, 2002ರಲ್ಲಿ, ರಾಜ್ಯ ಸರಕಾರ ‘ಖಜಾನೆ’ ಯೋಜನೆಯಡಿ ಇನ್ನೂರಕ್ಕೂ ಹೆಚ್ಚು ಜಿಲ್ಲಾ ಮತ್ತು ತಾಲೂಕು ಖಜಾನೆಗಳನ್ನು ಉಪಗ್ರಹ ಸಂಪರ್ಕದ ಮೂಲಕ ಬೆಂಗಳೂರಿನ ಕೇಂದ್ರ ಕಂಪ್ಯೂಟರಿಗೆ ಜೋಡಿಸಿತು. ಇದಕ್ಕೆ ಕಾರಣವೂ ಇತ್ತು. ಯಾವ ಕಚೇರಿ ಎಷ್ಟು ಅನುದಾನ ಸೆಳೆದಿದೆ ಎಂಬುದು ಆಯಾ ಖಜಾನೆಯ ರಿಜಿಸ್ಟರಿನಲ್ಲಿ ಮಾತ್ರ ಇರುತ್ತಿತ್ತು. ಮಂಜೂರಾದದ್ದಕ್ಕಿಂತ ಹೆಚ್ಚು ಹಣ ಹೋಗಿದ್ದರೆ ಅದು ಬೆಳಕಿಗೆ ಬರಲು ತಿಂಗಳುಗಳೇ ಹಿಡಿಯುತ್ತಿದ್ದವು.

ಹಳೆಯ ಕ್ರಮ ಹೀಗಿತ್ತು. ಕಚೇರಿಯ ಸಿಪಾಯಿ ಬಿಲ್ಲು ತಂದು ಕೌಂಟರಿಗೆ ಕೊಟ್ಟು ಟೋಕನ್ ಪಡೆಯುತ್ತಿದ್ದ. ಒಳಗಿನವರು ಬಿಲ್ಲನ್ನು ಪರಿಶೀಲಿಸಿ ಪಾಸು ಮಾಡುತ್ತಿದ್ದರು, ಇಲ್ಲವೇ ಆಕ್ಷೇಪಣೆ ಬರೆದು ವಾಪಸು ಕಳಿಸುತ್ತಿದ್ದರು. ಬಿಲ್ಲಿನ ಮೇಲೆ ಬರೆಯಬೇಕಾದ ರಾಜ್ಯದ ಲೆಕ್ಕ ಶೀರ್ಷಿಕೆ ಹದಿನೈದು ಅಂಕಿಗಳದ್ದು. ಕೊನೆಯ ಮೂರು ಅಂಕಿ ಖರ್ಚಿನ ಬಾಬ್ತು: 002 ಅಧಿಕಾರಿಗಳ ವೇತನ, 003 ಸಿಬ್ಬಂದಿ ವೇತನ, 051 ಸಾಮಾನ್ಯ ವೆಚ್ಚ. ನುರಿತ ಗುಮಾಸ್ತರಿಗೆ ಇವೆಲ್ಲ ಬಾಯಿಪಾಠ. ಆದ್ದರಿಂದ ಹೊಸ ವ್ಯವಸ್ಥೆಯಲ್ಲಿ ಅವರಿಗೆ ಕಷ್ಟವಾದದ್ದು ಲೆಕ್ಕವಲ್ಲ, ಕೀಲಿಮಣೆ. ಹೊಸದಾಗಿ ಸೇರಿದವರಿಗೆ ಇದರ ತಿರುವುಮುರುವು: ಬೆರಳು ಓಡುತ್ತಿತ್ತು, ಶೀರ್ಷಿಕೆ ತಿಳಿಯುತ್ತಿರಲಿಲ್ಲ. ಇಬ್ಬರಿಗೂ ಒಂದೇ ಪಾಠ ಹೇಳುವ ತರಬೇತಿ ಅರ್ಧಕ್ಕರ್ಧ ವ್ಯರ್ಥ.

ಸಂಬಳದ ಬಿಲ್ಲು ನೌಕರರ ಮಾಹಿತಿ, ವೇತನದ ತಂತ್ರಾಂಶವಾದ ಎಚ್‌ಆರ್‌ಎಂಎಸ್‌ಗೆ ಹೋದದ್ದು ಅದರ ಮುಂದಿನ ಹೆಜ್ಜೆ. ನಿಜವಾದ ಪಲ್ಲಟ ಮಾತ್ರ 2010ರ ದಶಕದಲ್ಲಿ ಬಂದ ಖಜಾನೆ–2ರದ್ದು. ಅಲ್ಲಿಯವರೆಗೆ ಖಜಾನೆಯ ವ್ಯವಸ್ಥೆ ಖಜಾನೆಯ ಒಳಗಷ್ಟೇ ಇತ್ತು. ಈಗ ಶಾಲೆ, ಆಸ್ಪತ್ರೆ, ತಹಸೀಲ್ದಾರ್ ಕಚೇರಿಗಳ ಮೇಜಿಗೇ ಬಂತು. ವಿಷಯ ನಿರ್ವಾಹಕ ಬಿಲ್ಲು ತಯಾರಿಸಬೇಕು, ಅಧೀಕ್ಷಕ ಪರಿಶೀಲಿಸಬೇಕು, ಬಟವಾಡೆ ಅಧಿಕಾರಿ ಡಿಜಿಟಲ್ ಸಹಿ ಹಾಕಬೇಕು. ಹಣ ಪಡೆಯುವ ಪ್ರತಿಯೊಬ್ಬರಿಗೂ ಒಂದು ಗುರುತಿನ ಸಂಖ್ಯೆ. ಚೆಕ್ಕಿನ ಬದಲು ಹಣ ನೇರವಾಗಿ ಅವರ ಬ್ಯಾಂಕ್ ಖಾತೆಗೆ. ಖಾತೆಯ ಒಂದು ಅಂಕಿ ತಪ್ಪಿದರೆ ಹಣ ಸೇರಬೇಕಾದವರಿಗೆ ತಲುಪುವುದಿಲ್ಲ. ಇಂಥ ತಪ್ಪು ಹಿಡಿಯುವ ಮೊದಲ ಹೊಣೆ ಖಜಾನೆಯ ಕೌಂಟರಿನಿಂದ ಬಿಲ್ಲು ಬರೆಯುವವನ ಕೈಗೇ ಸರಿಯಿತು. ತರಬೇತಿಯಲ್ಲಿ ಮೊದಲು ಹೇಳಬೇಕಾದದ್ದು ಇದನ್ನೇ. ಯಾವ ಗುಂಡಿ ಒತ್ತಬೇಕೆಂಬುದು ಆಮೇಲಿನ ಮಾತು. ಅಧಿಕಾರಿ ಡಿಜಿಟಲ್ ಸಹಿಯಿರುವ ತನ್ನ ಡೋಂಗಲ್ಲನ್ನೂ ಪಾಸ್‌ವರ್ಡನ್ನೂ ಗುಮಾಸ್ತರ ಕೈಗಿಟ್ಟರೆ ಮೂರು ಹಂತದ ಪರಿಶೀಲನೆ ಒಬ್ಬನದೇ ಆಟವಾಗುತ್ತದೆ. ಇದನ್ನು ಯಾವ ತಂತ್ರಾಂಶವೂ ತಡೆಯಲಾರದು.

ಗ್ರಾಮ ಪಂಚಾಯಿತಿಗಳ ಕಥೆ ಬೇರೆ. ಅಲ್ಲಿ ಯಂತ್ರಕ್ಕಿಂತ ಮೊದಲು ಲೆಕ್ಕದ ರೀತಿಯೇ ಬದಲಾಯಿತು. ಕ್ಯಾಶ್ ಬುಕ್ಕಿನಲ್ಲಿ ಜಮಾ, ಖರ್ಚು ಬರೆದು ಮುಗಿಸುತ್ತಿದ್ದ ಕಾರ್ಯದರ್ಶಿಗಳಿಗೆ 2006ರ ಆಯವ್ಯಯ ಮತ್ತು ಲೆಕ್ಕಪತ್ರ ನಿಯಮಗಳು ಜೋಡಿ ನಮೂದು ಪದ್ಧತಿಯನ್ನು ಕಡ್ಡಾಯ ಮಾಡಿದವು. ಆಮೇಲೆ ಎನ್‌ಐಸಿ ರೂಪಿಸಿದ ‘ಪಂಚತಂತ್ರ’ ತಂತ್ರಾಂಶ ಬಂತು. ಕೂಡಲಸಂಗಮದಂಥ ಯಾತ್ರಾಸ್ಥಳದ ಪಂಚಾಯಿತಿಯಾಗಲಿ, ಮಗ್ಗದ ಊರಿನದಾಗಲಿ, ಮನೆ ಕರದ ಬೇಡಿಕೆ, ವಸೂಲಿ, ಬಾಕಿ ಎಲ್ಲವೂ ಅದರೊಳಗೆ ಬರಬೇಕು. ಮೈಸೂರಿನ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆ ಪಂಚಾಯಿತಿ ಸಿಬ್ಬಂದಿಗೆ ಉಪಗ್ರಹದ ಮೂಲಕವೂ ಪಾಠ ಮಾಡಿತು. ದೂರದ ತಾಲೂಕುಗಳಿಗೆ ಇದು ಅನುಕೂಲವೇ, ಆದರೆ ಪರದೆ ನೋಡಿ ಕಲಿತದ್ದು ಕೈಗೆ ಹತ್ತುವುದು ತಡ. ದಿನದ ಕೆಲಸವನ್ನು ಎಳೆದುಕೊಂಡು ಹೋದವರು ಡಾಟಾ ಎಂಟ್ರಿ ಆಪರೇಟರುಗಳು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ವರ್ಗವಾಗಿ ಹೋದರೂ ಊರಲ್ಲೇ ಉಳಿಯುತ್ತಿದ್ದ ಇವರೇ ಹೊಸಬರಿಗೆ ಗುರುಗಳು.

ಕಂಪ್ಯೂಟರ್ ಬಾರದೆ ನಡೆಯದು ಎಂಬುದನ್ನು ಸರಕಾರ 2012ರಲ್ಲಿ ನಿಯಮವಾಗಿಯೇ ಬರೆಯಿತು. ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಕಡ್ಡಾಯವಾಯಿತು. ಪಾಸಾಗಲು ಕೊಟ್ಟ ಗಡುವನ್ನು ಮತ್ತೆ ಮತ್ತೆ ಮುಂದೆ ಹಾಕಬೇಕಾಯಿತೆಂಬುದೇ ಕಲಿಕೆ ಎಷ್ಟು ನಿಧಾನವಾಗಿತ್ತು ಎಂಬುದಕ್ಕೆ ಸಾಕ್ಷಿ.

ಅದರ ನಂತರ ಸರದಿಗೆ ಬಂದವು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳು. ದೇಶದ 63,000 ಸಂಘಗಳನ್ನು ಒಂದೇ ತಂತ್ರಾಂಶಕ್ಕೆ ತರುವ 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸರಕಾರ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು; ಜಾರಿಯ ಹೊಣೆ ನಬಾರ್ಡ್‌ನದು. ಇಲ್ಲಿ ಸಂಘದ ಕಾರ್ಯದರ್ಶಿಗೆ ಮೊದಲ ಕೆಲಸ ಕಂಪ್ಯೂಟರಿನ ಮುಂದೆ ಕೂರುವುದಲ್ಲ. ಪ್ರತಿ ಸದಸ್ಯನ ಸಾಲ, ಷೇರು, ಠೇವಣಿಗಳ ಬಾಕಿಯನ್ನು ಹಳೆಯ ಲೆಡ್ಜರಿನಿಂದ ತೆಗೆದು ತಾಳೆ ನೋಡಬೇಕು. ಅದು ಸರಿಹೋಗದೆ ಹೊಸ ಲೆಕ್ಕ ಶುರುವಾಗುವುದಿಲ್ಲ.