ಬಿಹಾರ–ನೇಪಾಳದ ಭೂಕಂಪ: ಒಂದು ಪ್ರಶ್ನೆಯ ಚರಿತ್ರೆ

ಭೂಮಿಗೆ ನಮ್ಮ ಹಳೆಯ ನಿಘಂಟುಗಳಲ್ಲಿ ಅಚಲೆ ಎಂದೂ ಸ್ಥಿರೆ ಎಂದೂ ಹೆಸರುಗಳುಂಟು. ಮಿಕ್ಕುದೆಲ್ಲವೂ ಚಂಚಲವಾದರೂ ಕಾಲ ಕೆಳಗಿನ ನೆಲವು ಅಲುಗದೆಂಬ ಭರವಸೆಯ ಮೇಲೆಯೇ ಮನುಷ್ಯನು ಮನೆಯನ್ನೂ ಊರನ್ನೂ ರಾಜ್ಯವನ್ನೂ ಕಟ್ಟುತ್ತಾನೆ. ಆ ಭರವಸೆಯು ಮುರಿದ ದಿನ ಅವನ ಬಾಯಿಂದ ಹೊರಡುವ ಮೊದಲನೆಯ ಮಾತು ‘ಏಕೆ?’ ಎಂಬುದು. ೧೯೩೪ರಲ್ಲಿ ಬಿಹಾರವನ್ನೂ ನೇಪಾಳವನ್ನೂ ಕೆಡವಿದ ಮಹಾಭೂಕಂಪದ ವೃತ್ತಾಂತವನ್ನು ಈ ಹೊತ್ತು ನಾವು ಆ ಒಂದು ಪ್ರಶ್ನೆಯ ಚರಿತ್ರೆಯಾಗಿ ನೋಡಲು ಯತ್ನಿಸೋಣ.

೧೯೩೪ನೆಯ ಇಸವಿ ಜನವರಿ ೧೫ನೆಯ ತಾರೀಖು ಸೋಮವಾರ, ಅಮಾವಾಸ್ಯೆ. ಮಧ್ಯಾಹ್ನ ಎರಡು ಗಂಟೆಯ ಮೇಲೆ ಹದಿಮೂರು ನಿಮಿಷವಾಗಿತ್ತು. ಕೆಲವೇ ನಿಮಿಷಗಳೊಳಗೆ ಗಂಗೆಯ ದಡದ ಮುಂಗೇರ್ ಪಟ್ಟಣದ ಬಜಾರು ಮಣ್ಣುಗುಡ್ಡೆಯಾಯಿತು. ಮುಜಫರಪುರ, ದರ್ಭಾಂಗ, ಮೋತಿಹಾರಿಗಳಲ್ಲಿ ಮನೆಗಳು ಉರುಳಿದುವು. ಹಿಮಾಲಯದ ಕಣಿವೆಯಲ್ಲಿ ಕಾಠ್ಮಂಡು, ಪಾಟನ್, ಭಾತಗಾಂವ್‌ಗಳ ದೇಗುಲಗಳೂ ಅರಮನೆಗಳೂ ಬಡವರ ಇಟ್ಟಿಗೆಯ ಮನೆಗಳೂ ಒಂದೇ ರಾಶಿಯಾಗಿ ಬಿದ್ದುವು. ಸತ್ತವರು ಬಿಹಾರದಲ್ಲಿ ೭,೦೦೦ಕ್ಕೂ ಹೆಚ್ಚು. ನೇಪಾಳದಲ್ಲಿ ಸುಮಾರು ೮,೫೦೦. ಕಂಪನದ ಪ್ರಮಾಣವನ್ನು ವಿಜ್ಞಾನಿಗಳು ಸುಮಾರು ೮ ಎಂದು ಎಣಿಸಿದ್ದಾರೆ. ಇದೇ ಕಂಪವು ನಡುರಾತ್ರಿಯಲ್ಲಿ, ಜನರು ಚಳಿಗೆ ಮುದುರಿ ಒಳಗೆ ಮಲಗಿದ್ದಾಗ ಒದಗಿದ್ದರೆ ಸಾವಿನ ಲೆಕ್ಕವು ಇದರ ಹಲವು ಮಡಿಯಾಗುತ್ತಿತ್ತೆಂಬುದರಲ್ಲಿ ಸಂದೇಹವಿಲ್ಲ.

ಗಂಗೆಯ ಉತ್ತರದ ಬಯಲಿನಲ್ಲಿ ನಡೆದುದು ಇನ್ನೂ ವಿಚಿತ್ರವಾದುದು. ಅಲ್ಲಿ ನೆಲವೇ ನೀರಿನಂತಾಯಿತು. ಸುಮಾರು ೩೦೦ ಕಿಲೋಮೀಟರು ಉದ್ದದ ಪ್ರದೇಶದಲ್ಲಿ ಮನೆಗಳು ಒಡೆಯುವುದಕ್ಕಿಂತ ಹೆಚ್ಚಾಗಿ ವಾಲಿಕೊಂಡು ಕುಸಿದುವು. ಭೂಮಿ ಬಿರಿದು ಮರಳನ್ನೂ ನೀರನ್ನೂ ಉಗುಳಿತು. ಬಾವಿಗಳು ಮರಳಿನಿಂದ ತುಂಬಿಹೋದುವು. ಬೆಳೆ ನಿಂತಿದ್ದ ಹೊಲಗಳು ಮರಳುಗಾಡಿನಂತೆ ಕಂಡುವು. ಕಬ್ಬು ಅರೆಯುವ ಕಾಲವದು. ಸಕ್ಕರೆಯ ಕಾರ್ಖಾನೆಗಳು ಕೆಟ್ಟು ನಿಂತುದರಿಂದ ಮನೆಯುಳಿದ ರೈತನಿಗೂ ಜೀವನವು ಉಳಿಯಲಿಲ್ಲ.

ಸಂಕಟವು ಬಂದಾಗ ದೇಶದ ಸ್ಥಿತಿಯನ್ನು ನೆನೆಯಬೇಕು. ಕಾನೂನುಭಂಗದ ಚಳುವಳಿಯು ಇನ್ನೂ ಮುಗಿದಿರಲಿಲ್ಲ. ಬಿಹಾರದ ಮುಖಂಡರಾದ ರಾಜೇಂದ್ರ ಪ್ರಸಾದರು ಬಂಧನದಲ್ಲಿದ್ದುಕೊಂಡೇ ಪಾಟ್ನಾದ ಆಸ್ಪತ್ರೆಯಲ್ಲಿ ರೋಗಪೀಡಿತರಾಗಿದ್ದರು. ಕಂಪವಾದ ಎರಡು ದಿನಗಳ ಮೇಲೆ ಬಿಡುಗಡೆ ಹೊಂದಿ, ದೇಹಸ್ಥಿತಿಯನ್ನು ಲೆಕ್ಕಿಸದೆ ಪರಿಹಾರ ಸಮಿತಿಯೊಂದನ್ನು ಕಟ್ಟಿದರು. ಅರ್ಥಶಾಸ್ತ್ರಜ್ಞರಾದ ಜೆ. ಸಿ. ಕುಮಾರಪ್ಪನವರು ಅದರ ಲೆಕ್ಕಪತ್ರಗಳ ಹೊಣೆಯನ್ನು ಹೊತ್ತರು. ಜವಾಹರಲಾಲ್ ನೆಹರೂರವರು ಮುಂಗೇರಿನಲ್ಲಿ ಸ್ವತಃ ಅವಶೇಷಗಳನ್ನು ತೆಗೆಯುವುದಕ್ಕೆ ನಿಂತರು. ಊರಿಗೆ ಹಿಂದಿರುಗಿದ ಕೂಡಲೆ, ಫೆಬ್ರವರಿ ೧೨ರಂದು, ಅವರನ್ನು ಸರ್ಕಾರವು ಸೆರೆಹಿಡಿಯಿತು. ಒಬ್ಬ ನಾಯಕನಿಗೆ ಸೆರೆಮನೆಯ ಬಾಗಿಲನ್ನು ತೆರೆದ ವಿಪತ್ತು ಇನ್ನೊಬ್ಬನಿಗೆ ಅದು ಮುಚ್ಚುವುದನ್ನು ತಡೆಯಲಾರದೆ ಹೋಯಿತು.

ಈಗ ನಮ್ಮ ಪ್ರಶ್ನೆಗೆ ಬರೋಣ. ಗಾಂಧೀಜಿಯವರು ಆಗ ಹರಿಜನ ಸೇವೆಗಾಗಿ ದೇಶದಲ್ಲೆಲ್ಲಾ ಸಂಚರಿಸುತ್ತಿದ್ದರು. ಜನವರಿ ೨೪ರಂದು ತಿರುನೆಲ್ವೇಲಿಯಲ್ಲಿ ಮಾತನಾಡುತ್ತ, ಈ ವಿಪತ್ತು ಅಸ್ಪೃಶ್ಯತೆಯೆಂಬ ಪಾಪಕ್ಕೆ ದೈವವು ವಿಧಿಸಿದ ಶಿಕ್ಷೆಯೆಂದು ತಮಗೆ ತೋರುತ್ತದೆಂಬ ಅಭಿಪ್ರಾಯವನ್ನು ಹೇಳಿದರು. ಕವಿ ರವೀಂದ್ರನಾಥ ಠಾಕೂರರಿಗೆ ಇದನ್ನು ಕೇಳಿ ಬಹಳ ವ್ಯಥೆಯಾಯಿತು. ಪ್ರಕೃತಿಯ ಉತ್ಪಾತಗಳಿಗೆ ಪ್ರಕೃತಿಯಲ್ಲಿಯೇ ಕಾರಣವುಂಟು, ನೀತಿಯನ್ನು ಅದಕ್ಕೆ ಗಂಟುಹಾಕುವುದು ಅವಿವೇಕವನ್ನು ಬಲಪಡಿಸಿದಂತೆ, ಈ ಬಗೆಯ ತರ್ಕವು ಗಾಂಧೀಜಿಯವರಿಗಿಂತ ಅವರ ವಿರೋಧಿಗಳಿಗೇ ಹೆಚ್ಚು ಒಪ್ಪುವಂಥದು ಎಂಬುದು ಕವಿಯ ಆಕ್ಷೇಪಣೆಯ ಸಾರ. ಗಾಂಧೀಜಿಯವರು ಆ ಆಕ್ಷೇಪಣೆಯನ್ನು ತಮ್ಮದೇ ‘ಹರಿಜನ’ ಪತ್ರಿಕೆಯ ಫೆಬ್ರವರಿ ೧೬ರ ಸಂಚಿಕೆಯಲ್ಲಿ ಪ್ರಕಟಿಸಿ, ತಮ್ಮ ನಂಬಿಕೆಯನ್ನು ಬಿಡದೆ ಉತ್ತರವನ್ನೂ ಬರೆದರು. ಆ ತಿಂಗಳ ಕೊನೆಯಲ್ಲಿ ಕೊಡಗು, ಮಂಗಳೂರುಗಳ ಕಡೆ ಸಂಚರಿಸಿ, ಮಾರ್ಚಿಯಲ್ಲಿ ಬಿಹಾರಕ್ಕೆ ಹೋಗಿ ನೊಂದ ಜನರ ನಡುವೆ ತಿರುಗಿದರು.

ಈ ಇಬ್ಬರು ಮಹನೀಯರ ನಡುವೆ ತೀರ್ಪು ಹೇಳುವುದು ನಮಗೆ ಸುಲಭವಲ್ಲ. ಆದರೂ ಕಾರಣದ ವಿಚಾರದಲ್ಲಿ ನಾವು ಕವಿಯ ಪಕ್ಷವನ್ನೇ ಹಿಡಿಯಬೇಕಾಗುತ್ತದೆ. ಮುಂಗೇರಿನ ಗೋಡೆಗಳು ಬೀಳುವಾಗ ಯಾರ ಜಾತಿಯನ್ನೂ ಕೇಳಲಿಲ್ಲ. ಪಾಪ ಮಾಡಿದವನೂ ಪಾಪಕ್ಕೆ ಗುರಿಯಾದವನೂ ಒಂದೇ ಇಟ್ಟಿಗೆಯ ಅಡಿಯಲ್ಲಿ ಸಿಕ್ಕಿದರು. ಅಸ್ಪೃಶ್ಯತೆಯು ಮಹಾಪಾಪವೆಂದು ತಿಳಿಯುವುದಕ್ಕೆ ಭೂಮಿಯು ನಡುಗಬೇಕಾಗಿರಲಿಲ್ಲ.

ಹಾಗಾದರೆ ಭೂಮಿಯು ಕೊಟ್ಟ ಉತ್ತರವೇನು? ಭೂಗರ್ಭಶಾಸ್ತ್ರದ ಇಲಾಖೆಯ ಡನ್, ಆಡೆನ್, ಘೋಷ್, ರಾಯ್ ಮೊದಲಾದ ವಿದ್ವಾಂಸರು ಹಾಳೂರುಗಳನ್ನು ಸುತ್ತಿ, ೧೯೩೯ರಲ್ಲಿ ದೊಡ್ಡ ವರದಿಯೊಂದನ್ನು ಪ್ರಕಟಿಸಿದರು. ಬಿಹಾರದ ಬಯಲಿನಲ್ಲಿ ಹಾನಿಯು ಅತಿಯಾಗಿದ್ದುದರಿಂದ ಕಂಪದ ಮೂಲವೂ ಅಲ್ಲಿಯೇ ಎಂದು ಬಹುಕಾಲ ಭಾವಿಸಲಾಗಿತ್ತು. ಮುಂದಿನ ಗಣನೆಗಳು ಅದನ್ನು ಪೂರ್ವ ನೇಪಾಳಕ್ಕೆ, ಎವರೆಸ್ಟ್ ಶಿಖರದ ದಕ್ಷಿಣಕ್ಕೆ, ಸರಿಸಿದುವು. ಭಾರತದ ನೆಲವು ವರ್ಷಕ್ಕೆ ಸುಮಾರು ಎರಡು ಸೆಂಟಿಮೀಟರಿನಂತೆ ಹಿಮಾಲಯದ ಅಡಿಗೆ ನುಗ್ಗುತ್ತಿದೆ. ಇವೆರಡರ ನಡುವಿನ ಮಹಾಸ್ತರಭಂಗ, ಎಂದರೆ ಬಂಡೆಗಳ ಸೀಳು, ಶತಮಾನಗಳ ಕಾಲ ಕಚ್ಚಿಕೊಂಡಿದ್ದು, ಒತ್ತಡ ಮಿತಿಮೀರಿದಾಗ ಒಮ್ಮೆಗೇ ಜರುಗುತ್ತದೆ. ಹಾಗೆ ಜರುಗಿದ ಗುರುತು ೧೯೩೪ರಲ್ಲಿ ನೆಲದ ಮೇಲೆ ಯಾರಿಗೂ ಕಂಡಿರಲಿಲ್ಲ. ನೇಪಾಳದ ತಪ್ಪಲಿನ ಸಿರ್ ಖೋಲಾ ಎಂಬ ಹೊಳೆಯ ದಂಡೆಯನ್ನು ಅಗೆದ ವಿದ್ವಾಂಸರು ಅದನ್ನು ಕಂಡುಹಿಡಿದು ೨೦೧೩ರಲ್ಲಿ ಪ್ರಕಟಿಸಿದರು. ಅದರ ಕೆಳಗೆ ಇನ್ನೂ ಹಳೆಯದೊಂದು ಜರುಗಿನ ಗುರುತಿತ್ತು: ಅದು ನೇಪಾಳದ ದೊರೆ ಅಭಯಮಲ್ಲನು ಮಡಿದ ೧೨೫೫ರ ಭೂಕಂಪದ್ದು. ಎರಡಕ್ಕೂ ನಡುವೆ ೬೭೯ ವರ್ಷಗಳು. ಯಾವ ಒಂದು ಪೀಳಿಗೆಯ ಪುಣ್ಯಪಾಪಗಳಿಗೂ ಹೊಂದದ ಲೆಕ್ಕವಿದು.

ಆದರೆ ‘ಭೂಮಿ ಏಕೆ ನಡುಗಿತು?’ ಎಂಬುದು ಒಂದು ಪ್ರಶ್ನೆ. ‘ಜನ ಏಕೆ ಸತ್ತರು?’ ಎಂಬುದು ಇನ್ನೊಂದು. ಮೊದಲನೆಯದರ ವಾದದಲ್ಲಿ ಎರಡನೆಯದು ಮರೆಯಾಗುವುದುಂಟು. ಅದಕ್ಕೆ ಉತ್ತರವು ಬಹುಬೇಗ, ಬಹು ದೂರದಲ್ಲಿ ದೊರೆಯಿತು. ಬಿಹಾರದ ಭೂಕಂಪವಾಗಿ ವರ್ಷವೊಂದೂವರೆ ತುಂಬುವ ಮೊದಲೇ, ೧೯೩೫ನೆಯ ಮೇ ೩೧ರ ಬೆಳಗಿನ ಜಾವದಲ್ಲಿ, ಬಲೂಚಿಸ್ಥಾನದ ಕ್ವೆಟ್ಟಾ ಪಟ್ಟಣವು ನೆಲಸಮವಾಗಿ ಹಲವು ಸಾವಿರ ಜನ ಮಡಿದರು. ಅಲ್ಲಿ ಎಸ್. ಎಲ್. ಕುಮಾರ್ ಎಂಬ ರೈಲ್ವೆ ಎಂಜಿನಿಯರು ಹಿಂದಿನ ಕಂಪಗಳಿಂದ ಪಾಠ ಕಲಿತು ಕಟ್ಟಿಸಿದ್ದ ಮನೆಗಳು ಮಾತ್ರ ನಿಂತುವು. ಅದೇ ನೆಲ, ಅದೇ ನಡುಕ, ಬೇರೆಯಾದುದು ಗೋಡೆ.

ಈ ಪಾಠವನ್ನು ನಾವು ಕಲಿತೆವೆಂದು ಹೇಳಬಹುದೆ? ೧೯೩೪ರಲ್ಲಿ ಕಾಠ್ಮಂಡುವಿನ ಧರಹರಾ ಗೋಪುರವು ಮುರಿದು ಬಿತ್ತು. ಅದನ್ನು ಮತ್ತೆ ಕಟ್ಟಿದರು. ೨೦೧೫ನೆಯ ಏಪ್ರಿಲ್ ೨೫ರಂದು ಹಿಮಾಲಯದ ಅದೇ ಮಹಾಸ್ತರಭಂಗದ ಇನ್ನೊಂದು ತುಂಡು ಜರುಗಿದಾಗ ಗೋಪುರವು ತನ್ನೊಳಗಿದ್ದವರ ಸಮೇತ ಮತ್ತೆ ಬಿತ್ತು. ಆ ಕಂಪದಲ್ಲಿ ಸುಮಾರು ೯,೦೦೦ ಜನ ಅಳಿದರು. ಅಷ್ಟು ಹೊತ್ತಿಗೆ ಭೂಮಿಯು ನಡುಗುವ ಕಾರಣವು ಶಾಲೆಯ ಹುಡುಗರಿಗೂ ತಿಳಿದಿತ್ತು.

ನೆಲದೊಳಗಿನ ಕಾರಣಕ್ಕೆ ನಾವು ಹೊಣೆಗಾರರಲ್ಲವೆಂಬ ಸಮಾಧಾನವನ್ನು ವಿಜ್ಞಾನವು ನಮಗೆ ಕೊಟ್ಟಿದೆ; ನೆಲದ ಮೇಲಿನ ಗೋಡೆಗೆ ನಾವೇ ಹೊಣೆಗಾರರೆಂಬ ಕಳವಳವನ್ನೂ ಅದೇ ಕೊಟ್ಟಿದೆ. ಗಾಂಧೀಜಿಯವರು ಕಾರಣದ ವಿಷಯದಲ್ಲಿ ತಪ್ಪಿದ್ದಿರಬಹುದು. ಆದರೆ ಇಂಥ ಸಾವಿನ ಮುಂದೆ ನಮ್ಮ ತಪ್ಪೇನೆಂದು ಕೇಳಿಕೊಳ್ಳಬೇಕೆಂಬ ಅವರ ಹಟವು ಪೂರಾ ತಪ್ಪಾಗಿರಲಿಲ್ಲವೆಂದು ನಮಗೆ ತೋರುತ್ತದೆ.