ಕಲೆಯೋ, ಕ್ಯಾನ್ಸರೋ?

ವಿಕಿರಣ ಚಿಕಿತ್ಸೆ ಮುಗಿದ ಮೇಲೂ ಶ್ವಾಸಕೋಶದ ಚಿತ್ರದಲ್ಲಿ ನೆರಳು ಉಳಿಯುವುದುಂಟು. ಅದು ಜೀವಂತ ಕ್ಯಾನ್ಸರೋ, ವಿಕಿರಣದಿಂದಾದ ಕಲೆಯೋ? ಮುಂದಿನ ಚಿಕಿತ್ಸೆ ಈ ಉತ್ತರವನ್ನೇ ಅವಲಂಬಿಸಿದೆ.

1895ರಲ್ಲಿ ರಾಂಟ್ಜನ್ ಕಂಡುಹಿಡಿದ ಕ್ಷ-ಕಿರಣ ನೆರಳನ್ನಷ್ಟೇ ತೋರಿಸಿತು. 1971ರಲ್ಲಿ ಲಂಡನ್ನಿನಲ್ಲಿ ರೋಗಿಯ ಮಿದುಳನ್ನು ಚಿತ್ರಿಸಿದ ಹೌನ್ಸ್‌ಫೀಲ್ಡರ ಸಿ.ಟಿ. ತಂತ್ರದಿಂದ ಮುಂದೆ ಶ್ವಾಸಕೋಶದ ಗಡ್ಡೆಯನ್ನೂ ಅಳೆಯುವುದು ಸಾಧ್ಯವಾಯಿತು. 2000ದ ‘ರೆಸಿಸ್ಟ್’ ನಿಯಮದಂತೆ, ಗಡ್ಡೆಗಳ ಉದ್ದಳತೆಯ ಮೊತ್ತ ಶೇ. 30ರಷ್ಟಾದರೂ ಕುಗ್ಗಿದರೆ ‘ಭಾಗಶಃ ಪ್ರತಿಕ್ರಿಯೆ’. ಆದರೆ ಕಲೆಗೂ ಅಳತೆಯುಂಟಲ್ಲ!

ಈ ತೊಡಕಿಗೆ ನೆರವಾದದ್ದು ಪೆಟ್ ಸ್ಕ್ಯಾನ್. ಕ್ಯಾನ್ಸರ್ ಕೋಶಗಳು ಸಕ್ಕರೆಯನ್ನು ಹೆಚ್ಚು ಹೀರುವುದರಿಂದ, ವಿಕಿರಣಶೀಲ ಫ್ಲೋರಿನ್ ಬೆಸೆದ ಗ್ಲೂಕೋಸ್ ಬಗೆಯ ವಸ್ತು ಅವುಗಳಲ್ಲಿ ಬೆಳಗುತ್ತದೆ. ಚಿಕಿತ್ಸೆಯ ನಂತರ ರೋಗಿಯ ಉಳಿವನ್ನು ಸಿ.ಟಿ.ಗಿಂತ ಪೆಟ್ ಚೆನ್ನಾಗಿ ಸೂಚಿಸುತ್ತದೆಂದು ಮೆಲ್ಬರ್ನಿನ ವೈದ್ಯರು 2003ರಲ್ಲಿ ತೋರಿಸಿದರು. ಆದರೂ ಉರಿಯೂತವೂ ಸಕ್ಕರೆ ಹೀರುತ್ತದೆ. ಆದ್ದರಿಂದಲೇ ಕೆಲವು ವಾರ ಕಾದು ಚಿತ್ರ ತೆಗೆಯುತ್ತಾರೆ.